ಸೊನ್ನೆ ಕ್ಯಾಲರಿ ಸಾಹೇಬರು

ನಮ್ಮ ಕಚೇರಿಯ ಹೆಡ್ ಕ್ಲಾರ್ಕಿಗೆ ನಾವೆಲ್ಲ ಸೇರಿ ಇಟ್ಟ ಹೆಸರು ಸೊನ್ನೆ ಕ್ಯಾಲರಿ ಸಾಹೇಬರು. ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇರದ ದಿನ ಉಂಟು, ಸಿಹಿ ಮಾತ್ರೆಯ ಪುಟ್ಟ ಡಬ್ಬಿ ಇರದ ದಿನವಿಲ್ಲ. ಚಹಾ ಬಂದ ಕೂಡಲೇ ಡಬ್ಬಿಯ ತಲೆ ಒತ್ತಿ, ಟಿಕ್ ಟಿಕ್ ಎಂದು ಎರಡು ಮಾತ್ರೆ ಉದುರಿಸಿ, ಸಕ್ಕರೆ ಹಾಕಿಕೊಂಡ ನಮ್ಮನ್ನು ಪಾಪಿಗಳನ್ನು ನೋಡುವಂತೆ ನೋಡುತ್ತಾರೆ. ಆಮೇಲೆ ಕ್ರೀಮ್ ಬಿಸ್ಕತ್ತಿನ ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು, "ಚಹಾದಲ್ಲಿ ಉಳಿಸಿದ್ದೀನಲ್ಲಪ್ಪ, ಇದು ಆ ಲೆಕ್ಕಕ್ಕೆ" ಎನ್ನುತ್ತಾರೆ. ಆ ಲೆಕ್ಕವನ್ನು ಅವರ ಬೆಲ್ಟು ಮಾತ್ರ ಒಪ್ಪುವುದಿಲ್ಲ. ಅದಕ್ಕೆ ವರ್ಷಕ್ಕೊಂದು ಹೊಸ ತೂತು ಬೇಕು. "ಸಕ್ಕರೆ ಬಿಟ್ಟ ಮೇಲೂ ಯಾಕೆ ಸಾರ್ ಹೀಗೆ?" ಎಂದು ಕೇಳಿದರೆ, ಹೊಟ್ಟೆ ತಟ್ಟಿಕೊಂಡು, "ಇದೆಲ್ಲ ಬರೀ ಗಾಳಿ ಕಣಯ್ಯ" ಎನ್ನುತ್ತಾರೆ. ಮೊನ್ನೆ ಒಂದು ಸಹಿ ಬೇಕಾಗಿ ಅವರ ಮನೆಗೆ ಹೋಗಿದ್ದೆ. ಕಣ್ಣು ಮಂಜಾದ ಅವರ ತಾಯಿ ಚಹಾದ ಲೋಟ ಹಿಡಿದು ಕಾಯುತ್ತಾ ಕೂತಿದ್ದರು. "ಅಮ್ಮನಿಗೆ ಶುಗರ್ರು. ಸಿಹಿ ಚಪಲ ಹೋಗ್ಬೇಕಾದ್ರೆ ಈ ಮಾತ್ರೆನೂ ಬಿಡಿಸಿ ಅಂದಿದ್ದಾರೆ ಡಾಕ್ಟ್ರು" ಎಂದು ಸಾಹೇಬರು ನನ್ನ ಕಿವಿಯಲ್ಲಿ ಪಿಸುಗುಟ್ಟಿ, ಒಳಗಿನಿಂದ ಇನ್ನೊಂದು ಡಬ್ಬಿ ತಂದರು. ಅದು ಪೂರ್ತಿ ಖಾಲಿ. ಅದನ್ನೇ ಲೋಟದ ಮೇಲೆ ಹಿಡಿದು ಟಿಕ್ ಟಿಕ್ ಎಂದು ಒತ್ತಿದರು. "ಹಾಕಿದ್ಯೇನೋ?" ಎಂದರು ತಾಯಿ. "ಹಾಕ್ದೆ ಕಣಮ್ಮ" ಎಂದರು ಮಗ. ತಾಯಿ ಒಂದು ಗುಟುಕು ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡು, "ಸಿಹಿ ಜಾಸ್ತಿ ಆಯ್ತು ಕಣೋ, ನಾಳೆಯಿಂದ ಒಂದೇ ಹಾಕು" ಎಂದರು.