ಮರದ ತುಂಡಿನ ಮೇಲೆ ನಿಂತ ಗಾಡಿ

ಹಳೆಯ ಗಾಡಿ ಕೊಳ್ಳುವವರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುವುದು ಶಿರಸಿಯಲ್ಲಿ ರೂಢಿಯಾಗಿಬಿಟ್ಟಿದೆ. ನಾನು ಮೆಕ್ಯಾನಿಕ್ ಅಲ್ಲ. ಬನವಾಸಿ ಕಡೆಯಿಂದ ಬರಿಗೈಲಿ ಬಂದು, ಒಂದು ಹಳೇ ಸ್ಕೂಟರ್ ಕೊಂಡು ಮಾರಿ, ಆ ದುಡ್ಡಿನಲ್ಲಿ ಎರಡು ಕೊಂಡು, ಹಾಗೇ ಮೇಲೆ ಬಂದವನು. ಚೌಕಾಸಿ ನನಗೆ ಹಸಿವು ಕಲಿಸಿದ ವಿದ್ಯೆ. ದೊಡ್ಡ ವಿದೇಶಿ ಗಾಡಿಯ ಮೇಲೆ ಕಣ್ಣಿಟ್ಟು ಬಂದವರಿಗೆಲ್ಲ ನಾನು ಹೇಳುತ್ತಿದ್ದುದು ಒಂದೇ: ಅರವತ್ತು ಲಕ್ಷದ ಗಾಡಿ ಹತ್ತು ವರ್ಷ ಹಳತಾದರೆ ಹನ್ನೆರಡು ಲಕ್ಷಕ್ಕೆ ಸಿಗುತ್ತದೆ, ಆದರೆ ಅದರ ಬಿಡಿಭಾಗಕ್ಕೆ ವಯಸ್ಸಾಗುವುದಿಲ್ಲ. ಅದು ಅರವತ್ತು ಲಕ್ಷದ ಗಾಡಿಯ ದರದಲ್ಲೇ ಇರುತ್ತದೆ. ಇದೇ ಮಾತು ಹೇಳಿ ಮನ್ಮನೆ ಊರಿನ ಒಬ್ಬರು ಮುಂಗಡ ಕೊಟ್ಟಿದ್ದ ಗಾಡಿಯನ್ನು ಬಿಡಿಸಿದ್ದೆ. ಅವರು ಇವತ್ತಿಗೂ ಸಿದ್ದಾಪುರ ಪೇಟೆಯಲ್ಲಿ ಕಂಡರೆ ಚಹಾ ಕುಡಿಸದೆ ಬಿಡುವುದಿಲ್ಲ.

ಅಂಥವನು ಹೋದ ವರ್ಷ ಅಂಥದೇ ಗಾಡಿ ಹುಡುಕಲು ಹೊರಟೆ. ಹೆಂಡತಿಯ ಬೆನ್ನಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಹದಿನೈದು ದಿನಕ್ಕೊಮ್ಮೆ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಮ್ಮ ಸಣ್ಣ ಕಾರಿನಲ್ಲಿ ಮುಂಡಗೋಡದ ರಸ್ತೆ ಅವಳಿಗೆ ಚಿಕಿತ್ಸೆಗಿಂತ ದೊಡ್ಡ ಶಿಕ್ಷೆ. ಗುಂಡಿ ಬಂದಾಗಲೆಲ್ಲ ಸೀಟಿನ ಹಿಡಿ ಹಿಡಿದು ಮೇಲಕ್ಕೇಳುತ್ತಿದ್ದಳು. ಮೂರನೇ ಸಲ ಹೋಗಿ ಬಂದ ಮೇಲೆ, "ಮುಂದಿನ ಸಲ ನಾ ಬರಂಗಿಲ್ರೀ. ಬೆನ್ನು ಹೆಂಗ ಐತೋ ಹಂಗ ಇರ್ಲಿ" ಎಂದಳು. ಅವಳು ಹಟದ ಹೆಂಗಸಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಮಾಗೋಡಿನ ಹತ್ತಿರದ ಒಂದು ಮನೆಯಲ್ಲಿ ಗಾಡಿ ಇದೆ ಎಂದು ಯಲ್ಲಾಪುರದ ದಲ್ಲಾಳಿಯೊಬ್ಬ ಹೇಳಿದ. ಜರ್ಮನ್ ಗಾಡಿ, ಒಂಬತ್ತು ವರ್ಷದ್ದು, ಮೂವತ್ತು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ. ಸ್ಪ್ರಿಂಗಿನ ಬದಲು ಚಕ್ರಕ್ಕೊಂದರಂತೆ ಗಾಳಿ ತುಂಬಿದ ರಬ್ಬರ್ ಚೀಲ. ಗುಂಡಿಯಲ್ಲಿ ಇಳಿದರೂ ಒಳಗೆ ಕೂತವರಿಗೆ ಗೊತ್ತಾಗುವುದಿಲ್ಲವಂತೆ. ಹೆಂಡತಿಯನ್ನೂ ಕರೆದುಕೊಂಡು ಹೋದೆ.

ಗಾಡಿಯ ಯಜಮಾನರು ನನ್ನ ವಯಸ್ಸಿನವರು, ಮೆಣಸು, ಅಡಿಕೆ ಬೆಳೆಯುವ ಅನುಕೂಲಸ್ಥರು. ಮಗಳ ಮದುವೆಯ ವರ್ಷ ಆಸೆಪಟ್ಟು ತಂದದ್ದಂತೆ. ಮನೆಯ ದಾರಿ ಕಿರಿದಾಗಿ ತಿರುಗಿಸುವುದು ಬೇಸರವೆಂದು ಎರಡು ಮಳೆಗಾಲ ಹೊರಗೇ ತೆಗೆದಿರಲಿಲ್ಲ.

"ಬನ್ನಿ, ಕೂತ್ಕಳಿ. ಆಸ್ರಿಗೆ ಎಂತ ಆಗ್ತು? ಚಾ ಆಗ್ತೋ, ಕೋಕಂ ಆಗ್ತೋ?" ಎಂದರು.

"ಮೊದಲು ಗಾಡಿ ನೋಡೂಣ್ರೀ" ಎಂದೆ. ದರ ಮುರಿಯುವ ಮೊದಲು ಮಾರುವವನ ಮನೆಯ ನೀರೂ ಕುಡಿಯಬಾರದು, ಕುಡಿದರೆ ನಾಲಿಗೆ ಮೆತ್ತಗಾಗುತ್ತದೆ. ಇದನ್ನು ಓದುವವರೂ ನೆನಪಿಟ್ಟುಕೊಳ್ಳಿ.

ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಗಾಡಿಗೆ ದಪ್ಪ ಹೊದಿಕೆ ಹೊದಿಸಿದ್ದರು. ಕೆಳಗೆ ನಾಲ್ಕು ಕಡೆ ಮರದ ತುಂಡು ಕೊಟ್ಟು, ಚಕ್ರಕ್ಕೆ ನೆಲದ ಶೀತ ತಾಗದಂತೆ ಎತ್ತಿ ನಿಲ್ಲಿಸಿದ್ದರು. ನಮ್ಮ ಕಡೆ ಯಾವುದನ್ನೂ ನೆಲಕ್ಕೆ ಇಡುವುದಿಲ್ಲ. ಅಡಿಕೆ ಚೀಲ, ಅಕ್ಕಿ ಡಬ್ಬ, ಬಟ್ಟೆಯ ಪೆಟ್ಟಿಗೆ, ಎಲ್ಲಕ್ಕೂ ಕೆಳಗೊಂದು ಮರ ಬೇಕು. ಗಾಡಿಯನ್ನೂ ಹಾಗೇ ಇಟ್ಟಿದ್ದಾರಲ್ಲ ಎಂದು ನನಗೆ ಸಮಾಧಾನವೇ ಆಯಿತು. "ಚಲೋ ಇಟ್ಟೀರಿ" ಎಂದು ಬಾಯಿ ಬಿಟ್ಟು ಹೊಗಳಿಯೂ ಬಿಟ್ಟೆ.

ಆಮೇಲೆ ನನ್ನ ಕೆಲಸ ಶುರುವಾಯಿತು. ನೆಲಹಾಸು ಎತ್ತಿ ಕೈಯಾಡಿಸಿದೆ, ತೇವವಿರಲಿಲ್ಲ. ಬಾನೆಟ್ಟಿನೊಳಗೆ ಟಾರ್ಚ್ ಬಿಟ್ಟೆ, ಇಲಿ ಕಡಿದ ವೈರ್ ಇರಲಿಲ್ಲ. ಆಯಿಲ್ ಮುಚ್ಚಳ ತೆಗೆದು ಮೂಸಿದೆ. ಅವರು ಎಂಜಿನ್ ಚಾಲೂ ಮಾಡಿ, ಆಮೇಲೆ ಜಾಕ್ ಕೊಟ್ಟು ಮರ ಎಳೆಸಿದರು. ನಾನು ಕಣ್ಣು ಮುಚ್ಚಿ ಎಂಜಿನ್ ಸದ್ದು ಕೇಳುತ್ತ ನಿಂತೆ. ಗಾಳಿ ತುಂಬುವ ಸಣ್ಣ ಪಂಪು ಅಷ್ಟು ಹೊತ್ತು ಒಂದೇ ಸಮನೆ ಗುಂಯ್‌ಗುಡುತ್ತಿದ್ದುದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಯಲ್ಲಾಪುರದವರೆಗೆ ಓಡಿಸಿ ನೋಡಿದೆವು. ಹಿಂದಿನ ಸೀಟಿನಲ್ಲಿ ಹೆಂಡತಿ ಕೂತಿದ್ದಳು. ಅರ್ಧ ದಾರಿಗೆ ಕನ್ನಡಿಯಲ್ಲಿ ನೋಡುತ್ತೇನೆ, ತಲೆ ವಾಲಿಸಿ ನಿದ್ದೆ ಮಾಡುತ್ತಿದ್ದಾಳೆ. ಆರು ತಿಂಗಳಿಂದ ಅವಳು ಕೂತಲ್ಲಿ ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿಗೆ ನನ್ನ ಚೌಕಾಸಿ ಮುಗಿದಂತೆಯೇ. ಹದಿನಾಲ್ಕು ಹೇಳಿದವರನ್ನು ಹನ್ನೊಂದೂವರೆಗೆ ತಂದು ನಿಲ್ಲಿಸಿದೆ, ನಿಜ. ಇನ್ನೂ ಇಳಿಸಬಹುದಿತ್ತು, ಮನಸ್ಸಾಗಲಿಲ್ಲ. ಐವತ್ತು ಸಾವಿರ ಮುಂಗಡ ಕೊಟ್ಟು, ನಾಲ್ಕು ದಿನ ಇಟ್ಟುಕೊಂಡು ನೋಡುತ್ತೇನೆ, ಬೇಡವಾದರೆ ತಿರುಗಿ ತರುತ್ತೇನೆ ಎಂಬ ಮಾತಿನ ಮೇಲೆ ಗಾಡಿ ತಂದೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಗಾಡಿ ಬಲಗಡೆಗೆ ಕುಸಿದು ಕೂತಿತ್ತು. ಚಕ್ರ ಮಡ್‌ಗಾರ್ಡಿನೊಳಗೆ ಹುದುಗಿಹೋಗಿತ್ತು. ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡಿ, "ನಿಮ್ಮಂಗ ಐತಿ. ಮುಂಜಾನೆ ಏಳಾಕ ವಲ್ಲೆ ಅಂತೈತಿ" ಎಂದಳು.

ಚಾಲೂ ಮಾಡಿದೆ. ಪಂಪು ಗುಂಯ್‌ಗುಟ್ಟಿ, ನಿಧಾನಕ್ಕೆ ಎದ್ದಿತು. ಆಗ ಮಾಗೋಡಿನ ಶೆಡ್ಡಿನಲ್ಲಿ ಕೇಳಿದ ಸದ್ದು ತಲೆಗೆ ಬಂತು. ಸೋರುವ ಚೀಲ ಎಷ್ಟೇ ಕುಸಿದರೂ ಮರದ ತುಂಡು ಗಾಡಿಯನ್ನು ಎತ್ತಿ ಹಿಡಿದಿತ್ತು, ಯಾರಿಗೂ ಕಾಣುವಂತಿರಲಿಲ್ಲ. ಹೊರಗಿನ ವ್ಯಾಪಾರಿಯಾದರೆ ಗಾಡಿಯ ಕೆಳಗೆ ಮರ ಕಂಡೊಡನೆ ಯಾಕೆ ಎಂದು ಕೇಳುತ್ತಿದ್ದ. ನನ್ನ ಮನೆಯ ಅಕ್ಕಿ ಡಬ್ಬವೂ ಮರದ ಮೇಲೇ ಇರುವುದರಿಂದ ನಾನು ಕೇಳಲಿಲ್ಲ.

ಗ್ಯಾರೇಜಿನ ಮಿಸ್ತ್ರಿ ನನ್ನ ಹಳೆಯ ಸ್ನೇಹಿತ. ಕೆಳಗೆ ನುಸುಳಿ ಎದ್ದು ಬಂದು, ಕೈ ಒರೆಸಿಕೊಳ್ಳುತ್ತ ಕೇಳಿದ.

"ಯಾರಿಗೆ ಕೊಡಿಸಿದ್ರಿ ಇದ್ನ?"

"ನನಗೇ."

ಅವನು ನಗಲಿಲ್ಲ. ಅದು ನನಗೆ ಹೆಚ್ಚು ಚುಚ್ಚಿತು. "ನಾಲ್ಕೂ ಚೀಲ ಬಿರುಕು ಬಿಟ್ಟಿದೆ. ಓಡ್ಸದೆ ಇಟ್ರೆ ರಬ್ಬರ್ ಹೀಗೇ. ಪಂಪೂ ದಣಿದಿದೆ. ಎಲ್ಲ ಸೇರಿ ನಾಲ್ಕು ಲಕ್ಷ ಅಂದ್ಕಳಿ. ಒಂದೇ ಬದಲಿಸಿದ್ರೆ ಉಳಿದ ಮೂರು ಸಾಲಾಗಿ ಬರ್ತವೆ" ಎಂದ.

ಅವತ್ತು ಸಂಜೆ ಕೂತು ಯೋಚಿಸಿದೆ. ಇವತ್ತು ಗಾಳಿಚೀಲ. ಮುಂದಿನ ವರ್ಷ ಗೇರ್‌ಬಾಕ್ಸ್ ಇರಬಹುದು, ಬಾಗಿಲಿನೊಳಗಿನ ಯಾವುದೋ ಪುಟ್ಟ ಪೆಟ್ಟಿಗೆ ಇರಬಹುದು. ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕು, ಆಗ ಅವಳ ಹುಬ್ಬಳ್ಳಿ? ಬೇರೆಯವರಿಗಾದರೆ ಒಂದೇ ಮಾತಿನಲ್ಲಿ ಬಿಟ್ಟುಬಿಡಿ ಎನ್ನುತ್ತಿದ್ದೆ. ಇಲ್ಲಿ ಕನ್ನಡಿಯಲ್ಲಿ ಕಂಡ ಆ ನಿದ್ದೆ ಅಡ್ಡ ಬರುತ್ತಿತ್ತು.

ಮೂರನೇ ದಿನ ದರ ಮುರಿಯೋಣವೆಂದು ಇಬ್ಬರೂ ಮಾಗೋಡಿಗೆ ಹೊರಟೆವು. ಅದೇ ಗಾಡಿ, ಅದೇ ರಸ್ತೆ. ಹೆಂಡತಿ ಈ ಸಲ ನಿದ್ದೆ ಮಾಡಲಿಲ್ಲ, ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳಂತೆ.

ಯಜಮಾನರಿಗೆ ವಿಷಯ ಹೇಳಿದೆ. ಅವರ ಮುಖ ಸಣ್ಣದಾಯಿತು. "ಮರದ ಮೇಲೆ ಇಟ್ಟಿದ್ದೇ ತಪ್ಪಾತೋ ಏನೋ. ನಂಗೆ ಗೊತ್ತಿದ್ರೆ ಹೇಳ್ತಿದ್ದೆ. ಖರ್ಚು ಎಷ್ಟು ಬತ್ತು ಅಷ್ಟೂ ಕಳೆದು ಕೊಡಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ನಾಲ್ಕು ಲಕ್ಷ ಇಳಿದಿತ್ತು. ಇಷ್ಟು ವರ್ಷದ ವ್ಯಾಪಾರದಲ್ಲಿ ಯಾರೂ ನನಗೆ ಹಾಗೆ ಬಿಟ್ಟುಕೊಟ್ಟಿರಲಿಲ್ಲ. ಗೆದ್ದ ಖುಷಿ ಮಾತ್ರ ಹುಡುಕಿದರೂ ಸಿಗಲಿಲ್ಲ, ಸುಸ್ತಷ್ಟೇ ಇತ್ತು. ಏಳೂವರೆಗೆ ಮುಗಿಸಿಬಿಡೋಣ ಎಂದು ಹೆಂಡತಿಯ ಕಡೆ ನೋಡಿದೆ.

ಅವಳು ನನ್ನನ್ನು ಅಂಗಳದ ಆಚೆ ಕರೆದಳು.

"ಬ್ಯಾಡ್ರಿ ಇದು."

"ಯಾಕ? ರಿಪೇರಿ ರೊಕ್ಕ ಅವರೇ ಕಳೀತಾರ. ನಿನ್ನ ಬೆನ್ನಿಗೆ ಇದಕ್ಕಿಂತ ಚಲೋದು ಸಿಗಂಗಿಲ್ಲ."

"ಬರಬೇಕಾದ್ರ ಗುಂಡಿಗೊಮ್ಮೆ ನೀವು ಹಲ್ಲು ಕಚ್ಚತಿದ್ರಿ. ಒಂದು ಕಡೆ 'ಹೋತು' ಅಂತ ಬಾಯಿಬಿಟ್ಟೂ ಅಂದ್ರಿ. ಮೊನ್ನೆ ಇದು ಮಂದೀ ಗಾಡಿ ಇತ್ತು, ನಂಗ ನಿದ್ದಿ ಬಂತು. ನಮ್ಮದಾದ್ರ ನಿಮ್ಮ ಹಲ್ಲಿನ ಸಪ್ಪಳ ಕೇಳ್ಕೋತ ನಾ ಹೆಂಗ ಮಲಗ್ಲಿ?"

ರಿಪೇರಿಯ ಖರ್ಚನ್ನು ನಾನು ಬಿಡಿಭಾಗ, ಕೂಲಿ, ಕಾಯುವ ದಿನ ಎಂದೆಲ್ಲ ತೂಗಿದ್ದೆ. ಅದು ಅವಳ ಬೆನ್ನಿಗೆ ಹೋಗಿ ತಟ್ಟುತ್ತದೆಂದು ತೂಗಿರಲಿಲ್ಲ.

ಗಾಡಿ ಅಲ್ಲೇ ಬಿಟ್ಟೆವು. ಯಜಮಾನರು ಮುಂಗಡವನ್ನು ಪೂರ್ತಿ ವಾಪಸು ಕೊಟ್ಟರು, ಊಟ ಮಾಡದೆ ಬಿಡಲೂ ಇಲ್ಲ. ದರದ ಮಾತು ಮುಗಿದಿತ್ತಲ್ಲ, ಎರಡು ಸಲ ತಂಬುಳಿ ಹಾಕಿಸಿಕೊಂಡೆ. ಬಸ್ಸಿಗೆ ಯಲ್ಲಾಪುರದವರೆಗೆ ತಮ್ಮ ಹಳೇ ಜೀಪಿನಲ್ಲಿ ಅವರೇ ಬಿಟ್ಟುಬಂದರು.

ಈಗ ಹದಿನೈದು ದಿನಕ್ಕೊಮ್ಮೆ ಬಾಡಿಗೆಗೆ ಒಂದು ದೊಡ್ಡ ಗಾಡಿ ಹೇಳುತ್ತೇನೆ. ಗಾಳಿಚೀಲ ಗೀಲ ಏನೂ ಇಲ್ಲ, ನಡುವಿನ ಸೀಟು ಹಿಂದಕ್ಕೆ ಬಾಗುತ್ತದೆ, ಎರಡು ದಿಂಬು ಇಡುತ್ತೇವೆ. ಸೊಂಟ ಸ್ವಲ್ಪ ನೋಯುತ್ತದೆ ಎನ್ನುತ್ತಾಳೆ, ಬರುವುದಿಲ್ಲ ಎನ್ನುವುದಿಲ್ಲ. ನಿಮ್ಮ ಮನೆಯಲ್ಲಿ ಇಂಥ ಓಡಾಟವಿದ್ದರೆ ಕೊಳ್ಳುವ ಮೊದಲು ಬಾಡಿಗೆಯ ಲೆಕ್ಕ ಒಮ್ಮೆ ಹಾಕಿ ನೋಡಿ. ನಾನು ಹಾಕಿದ್ದು ತಡವಾಗಿ.

ಹೋದ ಸಲ ಮುಂಡಗೋಡ ಇನ್ನೂ ಬಂದಿರಲಿಲ್ಲ, ಚಾಲಕ ನನ್ನ ಕಡೆ ತಿರುಗಿ, "ಅಣ್ಣಾರ, ಹಾನಗಲ್ಲಿನ್ಯಾಗ ಒಂದು ಫಾರಿನ್ ಗಾಡಿ ಬಂದೈತಿ, ಕಮ್ಮೀಗೆ. ರೊಕ್ಕ ಹಾಕೂಣೇನು? ನೀವು ಹೇಳಿದ್ರ ಆತು" ಎಂದ. ಇಂಥ ಪ್ರಶ್ನೆಗೆ ನನ್ನ ಹತ್ತಿರ ಒಂದು ತಾಸಿನ ಉತ್ತರವಿದೆ. ಹಿಂದೆ ತಿರುಗಿ ನೋಡಿದೆ. ದಿಂಬಿಗೆ ಕೆನ್ನೆ ಕೊಟ್ಟು ಅವಳು ಮಲಗಿದ್ದಳು.

"ಹುಬ್ಬಳ್ಳಿ ಮುಟ್ಟಿದ ಮ್ಯಾಲೆ ಹೇಳ್ತೀನಿ. ಸಾವಕಾಶ ಹೊಡಿ" ಎಂದು ಪಿಸುಗುಟ್ಟಿದೆ.