ರಾಜಾಸೀಟಿನಲ್ಲಿ ಕೇಳಿದ ಗುಂಡು

ಮಡಿಕೇರಿಯ ಕೋಟೆ, ರಾಜರ ಸಮಾಧಿಗಳಿರುವ ಗದ್ದುಗೆ ಎಲ್ಲ ತೋರಿಸಿ, ಶಾಲೆಯ ಹುಡುಗಿಯರನ್ನು ರಾಜಾಸೀಟಿನಲ್ಲಿ ಊಟಕ್ಕೆ ಕೂರಿಸಿದ್ದೆವು. ಕೆಳಗಿನ ಕಣಿವೆಯಲ್ಲಿ ಒಂದರ ಹಿಂದೊಂದು ಎರಡು ಗುಂಡು ಹಾರಿದವು. ನನ್ನ ಜೊತೆಗಿದ್ದ ಬೊಳ್ಳಮ್ಮ ಟೀಚರ್ ಕೈಯಿಂದ ಬುತ್ತಿ ಜಾರಿತು.

"ಎರಡು ಗುಂಡು ಅಂದ್ರೆ ನಮ್ಮ ಕೊಡವರಲ್ಲಿ ಸಾವು ಕಣೇ. ಅಪ್ಪ ಹೋದ್ರು."

ಅವಳ ತವರುಮನೆ ಅದೇ ಕಣಿವೆಯಲ್ಲಿತ್ತು. ತಂದೆ ಹಾಸಿಗೆ ಹಿಡಿದಿದ್ದರು. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಮಕ್ಕಳಿಗೆ ರಾಜಧಾನಿ ಮಡಿಕೇರಿ ತೋರಿಸಿ, ಸಂಜೆ ಅಪ್ಪನನ್ನು ನೋಡಿ ಬರೋಣ ಎಂದುಕೊಂಡೇ ಅವಳು ಸೋಮವಾರಪೇಟೆಯಿಂದ ಬಸ್ಸು ಹತ್ತಿದ್ದಳು. ಹಾಸನದ ಕಡೆಯವಳಾದ ನನಗೆ ಈ ಪದ್ಧತಿ ಗೊತ್ತಿರಲಿಲ್ಲ. ಅವಳ ಕೈ ಹಿಡಿದು ಕೂತೆ.

ಆಗ ಮೂರನೇ ಗುಂಡು ಹಾರಿತು. ಅದರ ಬೆನ್ನಿಗೇ ಗಂಡಸರ ಕೇಕೆ.

ಬೊಳ್ಳಮ್ಮ ಅಳುತ್ತಲೇ ನಕ್ಕುಬಿಟ್ಟಳು. "ತೆಂಗಿನಕಾಯಿ ಕಣೇ! ಕೋವಿ ಪೂಜೆಯ ಹಬ್ಬ, ಕೈಲ್ ಮುಹೂರ್ತ ಹತ್ರ ಬಂತಲ್ಲ, ಮರಕ್ಕೆ ಕಾಯಿ ಕಟ್ಟಿ ಗುರಿ ಹೊಡೀತಿದ್ದಾರೆ. ಯಾವನೋ ಎರಡು ಸಲ ತಪ್ಪಿಸಿದ್ದಾನೆ. ಅವನ ಹೊಟ್ಟೆ ತಣ್ಣಗಿರಲಿ!"

ಸಂಜೆ ಅವಳ ಮನೆಗೆ ಹೋದೆವು. ಹಾಸಿಗೆಯಲ್ಲಿದ್ದ ಮುದುಕರು ಮಗಳನ್ನು ಕಂಡೊಡನೆ ಸಿಡುಕಿದರು: "ಒಂದು ಕಾಯಿಗೆ ಮೂರು ಗುಂಡಾ? ಕೊಡವನಾ ಅವನು?"

ಕೊಡಗಿನಲ್ಲಿ ಗುರಿ ತಪ್ಪಿದವನನ್ನು ಯಾರಾದರೂ ಹರಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಈಗಲೂ ದೂರದಲ್ಲಿ ಗುಂಡಿನ ಸದ್ದಾದರೆ, ಮೂರನೆಯದು ಕೇಳುವವರೆಗೆ ನಾನು ಉಸಿರು ಬಿಡುವುದಿಲ್ಲ.