ಅಪ್ಪನ ಅಂಗಿಯ ಎರಡನೇ ಜೇಬು

“ಈ ಜೇಬು ಮಾತ್ರ ನಾನು ಬಿಚ್ಚಲ್ಲ ಸಾರ್,” ಎಂದು ಆರ್.ಟಿ. ನಗರದ ಆ ವಯಸ್ಸಾದ ದರ್ಜಿ ಕತ್ತರಿ ಕೆಳಗಿಟ್ಟುಬಿಟ್ಟರು. ತೀರಿಹೋದ ಅಪ್ಪನ ಅಂಗಿಯನ್ನು ನನ್ನ ಅಳತೆಗೆ ಬಿಗಿ ಮಾಡಿಸಿ, ಎದೆಯ ಮೇಲಿನ ಎರಡು ಜೇಬುಗಳಲ್ಲಿ ಒಂದನ್ನು ತೆಗೆಸಲು ಹೋಗಿದ್ದೆ.

“ಇದು ಗಣಿತದ ಮೇಷ್ಟ್ರ ಅಂಗಿ, ಹೊಲಿದಿದ್ದು ನಾನೇ. ಬಲಗಡೆ ಜೇಬು ಚಾಕ್‌ಪೀಸ್‌ಗೆ, ಎಡಗಡೇದು ಮಗನ ಕಡ್ಲೆಮಿಠಾಯಿಗೆ. ‘ಚಾಕ್ ಪುಡಿ ಮೆತ್ಕೊಂಡ್ರೆ ಅವನು ತಿನ್ನಲ್ಲ ಭಾಯ್’ ಅಂತಿದ್ರು.”

ಆ ಮಗ ನಾನೇ. ಒಂದನೇ ಕ್ಲಾಸಿನಲ್ಲಿದ್ದಾಗ, ಮಿಠಾಯಿ ಸುಣ್ಣದಂತಿದೆ ಎಂದು ಉಗಿದದ್ದು ಒಂದೇ ಸಲ. ಅಪ್ಪ ಅದಕ್ಕೆ ಬದುಕಿಡೀ ಎರಡು ಜೇಬು ಇಡಿಸಿಕೊಂಡರು.

ನಾನೂ ಈಗ ಮೇಷ್ಟ್ರೇ. ಸೋಮವಾರ ಆ ಅಂಗಿ ತೊಟ್ಟೇ ಪಾಠ ಮಾಡಿದೆ. ಸಂಜೆ ಮಗಳ ಕೈಗಿಟ್ಟ ಮಿಠಾಯಿಯಲ್ಲಿ ಚಾಕ್ ಪುಡಿಯ ಸುಳಿವೂ ಇರಲಿಲ್ಲ.